ತೇರು ಎಳೆದ ಮರುದಿನ

— ಕಾಕಾ, ಒಂದು ಮಾತು ಕೇಳಬೇಕು ಅಂತಲೇ ನಿನ್ನೆ ರಾತ್ರಿ ರೈಲು ಹತ್ತಿದೆ. ನೀವು ಮಲ್ಲಿಕಾರ್ಜುನ ಮನ್ಸೂರರನ್ನ ಎದುರಿಗೆ ಕೂತು ಎಷ್ಟು ಸಲ ಕೇಳಿದ್ದೀರಿ?

— ಮೊದಲ ಚಹಾ ಕುಡಿ, ಆರತದ. ಅವರ ಸುದ್ದಿ ಈಗ್ಯಾಕ ಬಂತು ನಿನಗ?

— ಎರಡು ತಿಂಗಳಿಂದ ಬೇರೇನೂ ಕೇಳೋಕೆ ಆಗ್ತಿಲ್ಲ, ಅದಕ್ಕೆ.

— ಹೌದ? ಹ್ಯಾಂಗ ಸಿಕ್ರು ಅವರು? ನಿಮ್ಮಪ್ಪಗ ಸಿನಿಮಾ ಹಾಡು ಬಿಟ್ರ ಬ್ಯಾರೆ ರುಚಿ ಇರಲಿಲ್ಲ. ನಿಮ್ಮ ಮನ್ಯಾಗ ತಂಬೂರಿ ಸಪ್ಪಳ ಯಾರೂ ಕೇಳಿದ್ದಿಲ್ಲ.

— ಮಗಳ ಶಾಲೆಯಲ್ಲಿ ಹಾಡೋಕೆ ಅಂತ ಅಕ್ಕಮಹಾದೇವಿಯ ವಚನ ಹುಡುಕ್ತಿದ್ದೆ. ಫೋನಿನಲ್ಲಿ ಮನ್ಸೂರರು ಹಾಡಿದ್ದು ಸಿಕ್ಕಿತು. ಅದು ಮುಗಿದದ್ದೇ ಫೋನು ತಾನಾಗಿ ಇನ್ನೊಂದನ್ನ ಶುರು ಮಾಡಿತು. ಮೇಲೆ ‘ರಾಗ ಬಿಹಾರಿ’ ಅಂತ ಇತ್ತು. ಬಿಹಾರಿ ಅಂದರೆ ಏನು ಅಂತಲೂ ನನಗೆ ಗೊತ್ತಿರಲಿಲ್ಲ. ಒಲೆ ಮೇಲೆ ಕುಕ್ಕರ್ ಇಟ್ಟಿದ್ದೆ, ಮೂರು ಸೀಟಿಗೆ ಇಳಿಸಬೇಕು. ಒಂದನೇ ಸೀಟಿ ಕೇಳಿದ್ದು ನೆನಪಿದೆ. ಆಮೇಲೆ ಅಡುಗೆಮನೆಯ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದೆ. ಅನ್ನ ತಳ ಹಿಡಿದ ವಾಸನೆ ಬಂದಮೇಲೇ ಎದ್ದದ್ದು.

— ಏನು ಹಿಡೀತು ನಿನ್ನ? ದನಿಯೋ, ರಾಗನೋ?

— ಹೇಳೋದು ಕಷ್ಟ. ದನಿ ಚೆಂದ ಅನ್ನೋ ಹಾಗಿರಲಿಲ್ಲ. ಮುದುಕರ ದನಿ. ತುಸು ಒಣಗಿದ್ದು, ಅಂಚು ಮಾತ್ರ ಹರಿತ. ಆದರೆ ನಾನು ಅಷ್ಟರವರೆಗೆ ಕೇಳಿದ್ದ ಹಿಂದೂಸ್ತಾನಿಯಲ್ಲಿ ಗಾಯಕರು ಮೊದಲು ತುಂಬಾ ಹೊತ್ತು ಮೆಟ್ಟಿಲ ಮೇಲೆ ನಿಂತಿರ್ತಾರೆ, ಆಮೇಲೆ ಒಳಗೆ ಕಾಲಿಡ್ತಾರೆ. ಇವರು ಬಾಗಿಲು ತೆಗೆದಾಗಲೇ ಪಡಸಾಲೆಯಲ್ಲಿದ್ದರು. ಬಂದಿಶ್ ಆಗಲೇ ಶುರು, ತಬಲಾ ಆಗಲೇ ನಡೀತಿದೆ. ಒಂದು ಸುತ್ತು ಹಾಡಿ, ಎಲ್ಲೋ ಹೊರಟುಹೋದರು. ದಾರಿ ತಪ್ಪಿತು ಅಂತ ನನಗೇ ಗಾಬರಿ. ಅಷ್ಟರಲ್ಲಿ ಯಾವುದೋ ಸಂದಿಯಿಂದ ಬಂದು ಸರಿಯಾಗಿ ಸಮ್ಮಿನ ಮೇಲೆ, ತಾಳದ ಮೊದಲ ಮಾತ್ರೆಯ ಮೇಲೆ, ಕಾಲಿಟ್ಟರು. ಮತ್ತೆ ಹೊರಟರು, ಮತ್ತೆ ಇನ್ನೊಂದು ಸಂದಿಯಿಂದ ಬಂದರು. ಒಮ್ಮೆ ಬಂದ ದಾರಿಯಲ್ಲಿ ಇನ್ನೊಮ್ಮೆ ಬರಲಿಲ್ಲ.

— ಅದು ಜೈಪುರ–ಅತ್ರೌಲಿ ಘರಾಣೆದ್ದು. ನೀ ಮೊದಲು ಕೇಳಿದ್ದು ಕಿರಾಣಾ ಇರಬೇಕು. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್. ಅಲ್ಲೆ ಒಂದೊಂದ ಸ್ವರ ಹಿಡಕೊಂಡು, ಅದರಾಗ ಮುಳುಗಿ, ಅದು ಪೂರ್ತಿ ಬೆಳಕಾದ ಮ್ಯಾಲೆ ಮುಂದಿನದಕ್ಕ ಹೋಗತಾರ. ಕಿರಾಣಾ ವಿಲಂಬಿತ ಅಂದ್ರ ಭಾಳ ನಿಧಾನ, ಒಂದು ಆವರ್ತನದಾಗ ಒಂದು ಹೊತ್ತು ಹೋದಂಗ ಅನಸ್ತದ. ಜೈಪುರದವರದು ಹಂಗಲ್ಲ. ಅವರ ವಿಲಂಬಿತ ನಡಿಗಿ ಮಧ್ಯಮದ್ದು, ತಾಳ ಬೆನ್ನಿಗೇ ಇರತದ. ಮಾತ್ರೆ ಮಾತ್ರೆಯ ನಡುವಿನ ಜಾಗಾದಾಗ ಸ್ವರ ನೇಯತಾರ. ಇಳಕಲ್ಲ ಸೀರಿ ನೇಯೂದು ನೋಡೀಯಲ್ಲ, ಲಾಳಿ ಹೋಗೂದು ಕಾಣಸೂದಿಲ್ಲ, ಬಟ್ಟಿ ಮಾತ್ರ ಬೆಳೀತಿರತದ. ಮತ್ತ ಅವರಿಗೆ ಜೋಡರಾಗದ ಹುಚ್ಚು. ಬಸಂತ್ ಒಂದು ಕಡೆ, ಕೇದಾರ ಒಂದು ಕಡೆ, ಎರಡನ್ನೂ ಹೆಣದ್ರ ಬಸಂತಿ ಕೇದಾರ. ನಟ್ ಮತ್ತ ಬಿಹಾಗ್ ಕೂಡಿದ್ರ ನಟ್ ಬಿಹಾಗ್. ಇದರಾಗ ಅರ್ಧ ತಾಸು, ಅದರಾಗ ಅರ್ಧ ತಾಸು ಹಾಡೂದಲ್ಲ. ಒಂದ ಉಸಿರಿನ್ಯಾಗ ಎರಡೂ ಇರಬೇಕು, ಹೊಲಿಗಿ ಕಾಣಬಾರದು. ಮನ್ಸೂರರದು ಎಲ್ಲೆ ಹೊಲದಾರ ಅಂತ ನಾ ಮೂವತ್ತು ವರ್ಷದಿಂದ ಹುಡಕತೀನಿ, ಸಿಕ್ಕಿಲ್ಲ.

— ಅದಾದ ಮೇಲೆ ನಾನು ಅವರು ಯಾರು ಅಂತ ಹುಡುಕಿದೆ. ಮನ್ಸೂರು ಧಾರವಾಡದ ಪಕ್ಕದ ಹಳ್ಳಿ. ಹುಟ್ಟಿದ್ದು 1910ರ ಡಿಸೆಂಬರ್ 31. ತೀರಿಕೊಂಡದ್ದು 1992ರ ಸೆಪ್ಟೆಂಬರ್ 12. ನಾನು ಹುಟ್ಟಿದ್ದು 1993ರಲ್ಲಿ. ಅವರೂ ನಾನೂ ಈ ಭೂಮಿಯ ಮೇಲೆ ಒಂದು ದಿನವೂ ಒಟ್ಟಿಗೆ ಇರಲಿಲ್ಲ ಕಾಕಾ. ಅದು ಯಾಕೋ ತಡಕೊಳ್ಳೋಕೆ ಆಗಲಿಲ್ಲ. ತೇರು ಎಳೆದ ಮರುದಿನ ಜಾತ್ರೆಗೆ ಹೋದ ಹಾಗೆ. ರಥಬೀದಿಯಲ್ಲಿ ಬಾಳೆಹಣ್ಣು ತುಳಿದ ಕಲೆ ಇದೆ, ಗಾಲಿ ಹೋದ ಗುರುತಿದೆ, ತೇರಿಲ್ಲ. ಆಗ ನಿಮ್ಮ ನೆನಪಾಯಿತು. ನೀವು ಹುಟ್ಟಿ ಬೆಳೆದದ್ದು, ನೌಕರಿ ಮಾಡಿದ್ದು ಎಲ್ಲ ಇದೇ ಧಾರವಾಡ. ನಮ್ಮ ಮನೆಯಲ್ಲಿ ಒಬ್ಬರಾದರೂ ತೇರು ನೋಡಿದವರಿದ್ದಾರಲ್ಲ ಅಂತ ಸಮಾಧಾನ ಆಯಿತು. ಈಗ ಹೇಳಿ. ಎಷ್ಟು ಸಲ ಕೇಳಿದ್ದೀರಿ?

— ಒಮ್ಮಿನೂ ಇಲ್ಲ.

— ಕಾಕಾ?

— ಒಮ್ಮಿನೂ ಇಲ್ಲ ಮಗಳ. ಖರೆ ಹೇಳತೀನಿ. ಈ ಮಾತು ಯಾರ ಮುಂದೂ ಬಾಯಿ ಬಿಟ್ಟು ಹೇಳಿಲ್ಲ. ಅವರು ಹೋದಾಗ ನನಗ ನಲವತ್ತು ದಾಟಿತ್ತು. ಅಷ್ಟೂ ವರ್ಷ ಅವರೂ ಇದ ಊರಾಗ, ನಾನೂ ಇದ ಊರಾಗ. ಬಿಳೀ ಧೋತರ, ಜುಬ್ಬಾ, ತಲೀಮ್ಯಾಲ ಟೊಪಗಿ, ರಸ್ತಾದಾಗ ನಡಕೋತ ಹೊಂಟಿದ್ರ ಜನ ಕೈ ಮುಗೀತಿದ್ರು, ನಾನೂ ಮುಗೀತಿದ್ದೆ. ದೊಡ್ಡ ಮನಷ್ಯಾ ಅಂತ ಗೊತ್ತಿತ್ತು. ಯಾಕ ದೊಡ್ಡವರು ಅಂತ ಗೊತ್ತಿರಲಿಲ್ಲ. ನಮ್ಮ ಬ್ಯಾಂಕಿನ್ಯಾಗ ಒಬ್ಬ ಗೆಳೆಯಾ ಇದ್ದ, ಸಂಗೀತ ಅಂದ್ರ ಪ್ರಾಣ. ಇವತ್ತ ಸಂಜೀಕ ಮನ್ಸೂರರ ಹಾಡಿಕಿ ಅದ, ಬಾ ಅಂತ ಕರೀತಿದ್ದ. ಎಲ್ಲಿ ಹೋಗತಾರ, ಇಲ್ಲೇ ಇರತಾರಲ್ಲ, ಮುಂದಿನ ಸಲ ಬರತೀನಿ ಅಂತಿದ್ದೆ. ಮುಂಬೈದವರು, ಪುಣೆಯವರು, ಕೋಲ್ಕತಾದವರು ಅವರಿಗೋಸ್ಕರ ಟಿಕೀಟು ತೆಗೆಸಿ ಕೂಡತಿದ್ರು. ನನಗ ನಡಕೊಂಡು ಹೋಗೂ ದಾರಿ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಆ ಗಾದಿ ಯಾರೋ ನನ್ನ ನೋಡೇ ಮಾಡಿರಬೇಕು.

— ಒಂದು ಸಲವೂ ಹೋಗಲಿಲ್ವಾ?

— ಒಮ್ಮೆ ಹೋಗಿದ್ದೆ. ಗೆಳೆಯಾ ಕೈ ಹಿಡದು ಎಳಕೊಂಡು ಹೋದ. ಹಿಂದಿನ ಸಾಲಿನ್ಯಾಗ ಕುಂತ್ವಿ. ಮ್ಯಾಲೆ ಎರಡು ತಂಬೂರಿ. ಶ್ರುತಿ ಮಾಡಲಿಕ್ಕೆ ಹತ್ತಿದ್ರು. ಒಂದು ತಂತಿ ಮೀಟೂದು, ತಲಿ ಓರೆ ಮಾಡಿ ಕೇಳೂದು, ಬಿರಟಿ ತಿರುವೂದು. ಕುದರಿಮ್ಯಾಲ ಜವಾರಿ ದಾರ ಒಂದೀಟು ಸರಸೂದು, ಮತ್ತ ಮೀಟೂದು. ಹತ್ತು ನಿಮಿಷಾತು, ಹದಿನೈದಾತು. ಇದೇನು ಹಾಡತಾರೋ ಇಲ್ಲೋ ಅಂತ ನನಗ ಬ್ಯಾಸರಾತು. ಅವತ್ತ ಒಂದು ಸಿನಿಮಾದ ಕಡೀ ಆಟ ಇತ್ತು. ಈಗ ಬಂದೆ ಅಂತ ಗೆಳೆಯಾಗ ಸುಳ್ಳು ಹೇಳಿ ಎದ್ದು ಹೋದೆ. ಬಾಗಲ ದಾಟೂ ಮುಂದ ಹಿಂದಿನಿಂದ ಎರಡೂ ತಂಬೂರಿ ಒಂದಾಗಿ ಕೂಡಿದ ಸಪ್ಪಳ ಕೇಳಿಸ್ತು. ಅಷ್ಟ. ಮನ್ಸೂರರ ಹಾಡಿಕಿ ಒಳಗ ನಾ ಕೇಳಿದ್ದು ಅಷ್ಟ.

— ಮತ್ತೆ ಈ ಕಪಾಟು? ಇಷ್ಟು ಕ್ಯಾಸೆಟ್ಟು?

— ಅದು ತಪ್ಪಿಗೆ ತೆತ್ತ ದಂಡ ಅನ್ನು, ಹರಕಿ ಅನ್ನು. ಅವರು ಹೋದ ಮರುದಿನಗಳಾಗ ಧಾರವಾಡ ಆಕಾಶವಾಣಿ ಅವರ ಧ್ವನಿಮುದ್ರಣ ಹಾಕಲಿಕ್ಕೆ ಹತ್ತಿತು. ಅವರು ಅದ ನಿಲಯಕ್ಕ ಸಂಗೀತ ಸಲಹೆಗಾರರಾಗಿದ್ದವರು, ಅಲ್ಲೆ ಅವರ ಟೇಪು ಭಾಳ ಇದ್ವು. ಮುಂಜಾನೆ ಗಡ್ಡಾ ಕೆರಕೋತ ನಿಂತಿದ್ದೆ. ರೇಡಿಯೋದಾಗ ಶಿವಮತ ಭೈರವ ಬಂತು. ರಾಗದ ಹೆಸರು ಆಮ್ಯಾಲೆ ಗೊತ್ತಾತು. ಅರ್ಧ ಮಾರಿಗೆ ಸಾಬಾಣ, ಕೈಯಾಗ ಬ್ಲೇಡು, ಹಂಗ ನಿಂತೆ. ಸಾಬಾಣ ಒಣಗಿ ಮಾರಿ ಬಿಗೀತು. ಭೈರವದ ಕೋಮಲ ರಿಷಭ ಒಂದು ಸಲ ಬಂದು ಹೋಗತದಲ್ಲ, ಅದು ನನ್ನ ಎದಿಯೊಳಗಿನ ಯಾವುದೋ ಬಾಗಲಾ ತೆರದಂಗಾತು. ಬಾಗಲಾ ತೆರೀತು, ಒಳಗ ಯಾರೂ ಇಲ್ಲ. ಹದಿನೈದು ದಿನದ ಹಿಂದ ಇದ್ರು. ನಾ ಎದ್ದು ಹೋದ್ರ ಸಿಗತಿದ್ರು. ನೀ ಹುಟ್ಟಿರಲಿಲ್ಲ, ಆದ್ದರಿಂದ ತಪ್ಪಿಸಿಕೊಂಡಿ. ನಾನು ಊರಾಗಿದ್ದು ತಪ್ಪಿಸಿಕೊಂಡೆ. ಎರಡಕ್ಕೂ ಭಾಳ ಅಂತರ ಅದ.

— ನನ್ನ ಸಂಕಟ ನಿಮ್ಮದಕ್ಕಿಂತ ದೊಡ್ಡದು ಅಂದುಕೊಂಡು ಬಂದಿದ್ದೆ.

— ಆ ವರ್ಷ ಒಂದೂವರೆ ವರ್ಷದಾಗ ಈ ಸೀಮಿಗೆ ಏನಾತು ಅಂತ ನೋಡು. 1991ರಾಗ ಬಸವರಾಜ ರಾಜಗುರು ಹೋದ್ರು. 1992ರ ಜನವರಿಯಾಗ ಕುಮಾರ ಗಂಧರ್ವರು ಹೋದ್ರು. ಅವರಿದ್ದದ್ದು ದೇವಾಸದಾಗ, ಆದ್ರ ಹುಟ್ಟಿದ್ದು ಬೆಳಗಾವಿ ಕಡೆ ಸುಳೇಭಾವಿ. ಸೆಪ್ಟೆಂಬರಿನ್ಯಾಗ ಇವರು. ಮೂರು ಮನಿ ದೀಪ ಒಂದರ ಹಿಂದ ಒಂದು ಆರಿದಂಗ. ನನ್ನ ಕಿವಿ ತೆರದದ್ದು ಆವಾಗ. ಮುಂದ ಕ್ಯಾಸೆಟ್ ಅಂಗಡಿ ತಿರಗಿದೆ. ಶನಿವಾರ ರಾತ್ರಿ ಆಕಾಶವಾಣಿಯ ರಾಷ್ಟ್ರೀಯ ಕಾರ್ಯಕ್ರಮದಾಗ ಹಳೇ ಧ್ವನಿಮುದ್ರಣ ಹಾಕಿದ್ರ ಖಾಲಿ ಕ್ಯಾಸೆಟ್ ಹಚ್ಚಿ ಕೂಡತಿದ್ದೆ. ಲೈಟ್ ಹೋದ್ರ ಅಂತ ಟೇಪರಿಕಾರ್ಡರಿಗೆ ಸೆಲ್ಲು ಹಾಕಿ ಇಡತಿದ್ದೆ. ಆ ಡಬ್ಬಿ ತಗಿ, ಅದರ ಮ್ಯಾಲ ನನ್ನ ಅಕ್ಷರ ಅದ, ಓದು.

— ಅಡಂಬರಿ ಕೇದಾರ… ಬಹಾದುರಿ ತೋಡಿ… ಲಚ್ಛಾಸಾಖ್… ಖಟ್… ಸಾವನಿ… ಹೇಮ್ ನಟ್… ಕಬೀರಿ ಭೈರವ… ಇದರಲ್ಲಿ ಅರ್ಧದ ಹೆಸರೂ ನಾನು ಕೇಳಿಲ್ಲ.

— ಬ್ಯಾರೆಯವರ ಬಾಯಾಗ ಇವು ಅಪರೂಪ. ಇವರ ಬಾಯಾಗ ದಿನಾ ತಿನ್ನೂ ರೊಟ್ಟಿ. ಅದು ನೋಡು ಅವರ ದೊಡ್ಡತನ. ಅಪರೂಪದ ರಾಗ ಹಾಡತೀನಿ ಅನ್ನೂ ಜಂಬ ಆ ದನ್ಯಾಗ ಎಲ್ಲೂ ಇಲ್ಲ.

— ಕಾಕಾ, ನಿಮಗೆ ಒಂದು ಕ್ಯಾಸೆಟ್ಟಿಗೆ ವರ್ಷಗಟ್ಟಲೆ ಕಾಯಬೇಕಾಯಿತು. ನನಗೆ ಒಂದು ರಾತ್ರಿಯಲ್ಲಿ ಎಲ್ಲ ಸಿಕ್ಕಿತು. ಮೊದಲ ವಾರ ಹುಚ್ಚು ಹಿಡಿದ ಹಾಗೆ ಒಂದು ಕೇಳಿ, ಅರ್ಧಕ್ಕೆ ಬಿಟ್ಟು, ಇನ್ನೊಂದಕ್ಕೆ ಹಾರಿ, ಯಾವುದೂ ಒಳಗೆ ಇಳಿಯಲಿಲ್ಲ. ಆಮೇಲೆ ನನಗೆ ನಾನೇ ಒಂದು ಕಟ್ಟು ಹಾಕಿಕೊಂಡೆ. ವಾರಕ್ಕೆ ಒಂದು ರಾಗ. ಬೆಳಗಿನ ರಾಗ ಬೆಳಿಗ್ಗೆಯೇ, ರಾತ್ರಿಯದು ರಾತ್ರಿಯೇ. ಬಿಹಾರಿಯನ್ನೇ ಹನ್ನೊಂದು ಸಲ ಕೇಳಿದೆ. ಏಳನೇ ಸಲ ಕೇಳುವಾಗ ಅವರು ಸಮ್ಮಿಗೆ ಬರೋ ಮೊದಲೇ ನನ್ನ ಕೈ ತೊಡೆಯ ಮೇಲೆ ಬಿತ್ತು.

— ಛಲೋ ಮಾಡಿದಿ. ಕ್ಯಾಸೆಟ್ಟಿನವಗ ಆ ಕಟ್ಟು ತಾನ ಬರತಿತ್ತು. ಇದ್ದದ್ದು ಎಂಟು ಕ್ಯಾಸೆಟ್, ಎಂಟನ್ನೂ ಟೇಪು ಸವಿಯೂ ತನಕಾ ಕೇಳತಿದ್ವಿ. ಅದರ ಹಿಂದಿನವರದು ಇನ್ನೂ ಬಿಗಿ. ನಿಮ್ಮ ಮುತ್ತಜ್ಜನ ಮನ್ಯಾಗ ಚಾವಿ ತಿರುವೂ ಗ್ರಾಮಫೋನ್ ಇತ್ತು. ನಾಯಿ ಮಾರ್ಕಿನ ಪ್ಲೇಟು. ಅರಗಿನವು ಅವು, ಕೈ ಜಾರಿದ್ರ ಹಂಚಿನಂಗ ಒಡೀತಿದ್ವು. ನಿಮಿಷಕ್ಕ 78 ಸುತ್ತು. ಒಂದು ಮೈಗೆ ಮೂರು ನಿಮಿಷದ ಮ್ಯಾಲೆ ಒಂದೀಟು, ಅಷ್ಟರಾಗ ರಾಗ ಮುಗೀಬೇಕು. ಒಂದು ಮೈ ಮುಗದ್ರ ಸೂಜಿ ಬದಲಸಬೇಕು. ರಾತ್ರಿ ಪೂರ್ತಿ ಹಾಡವರನ್ನ ತಂದು ಮೂರು ನಿಮಿಷದಾಗ ಹಾಡ್ರಿ ಅಂದ್ರ ಹ್ಯಾಂಗಾಗಿರಬೇಕು ಅವರಿಗೆ! ಆದ್ರ ಆ ಇಕ್ಕಟ್ಟಿನಾಗ ಕೆಲವರು ಏನು ಮಾಡ್ಯಾರ ಅಂದ್ರ, ಒಂದು ಚಮಚಾ ತುಪ್ಪದಾಗ ಇಡೀ ಹೈನದ ವಾಸನಿ ಬರತದ. ಅಬ್ದುಲ್ ಕರೀಂಖಾನರ ಪ್ಲೇಟು ಕೇಳು, ಮೂರು ನಿಮಿಷ ಆತು ಅಂತ ನಂಬಲಿಕ್ಕಾಗೂದಿಲ್ಲ.

— ಮನ್ಸೂರರದೂ ಆ ಪ್ಲೇಟುಗಳಿವೆಯಲ್ಲ?

— ಅವ ನೋಡು ನನ್ನ ನಿದ್ದಿ ಕೆಡಿಸಿದ್ದು. ಮೂವತ್ತರ ದಶಕದಾಗ ಎಚ್‌ಎಂವಿಯವರು ತಂದಾರ. ಅವರಿಗೆ ಆಗ ಇಪ್ಪತ್ತಮೂರೋ ನಾಲ್ಕೋ. ಒಬ್ಬರ ಮನ್ಯಾಗ ಅದರ ನಕಲು ಕೇಳಿದೆ. ನನಗ ಗುರುತ ಹತ್ತಲಿಲ್ಲ! ತೆಳು, ಏರು ದನಿ, ಭರಾಟೆ ತಾನು, ಹುಡುಗಾಟದ ಹುರುಪು. ಇವರು ಬ್ಯಾರೆ ಯಾರೋ ಅಂದೆ. ಆಮ್ಯಾಲೆ ಲೆಕ್ಕಾ ಹಾಕಿದೆ. ಅವರು ಸಣ್ಣಾಂವಿದ್ದಾಗ ನಾಟಕ ಕಂಪನ್ಯಾಗ ಇದ್ರು. ಅಪ್ಪಯ್ಯಸ್ವಾಮಿಗಳ ಹತ್ರ ಕರ್ನಾಟಕಿ ಪಾಠ. ಮುಂದ ನೀಲಕಂಠಬುವಾ ಆಲೂರಮಠರು ಮಿರಜಕ್ಕ ಕರಕೊಂಡು ಹೋಗಿ ಗ್ವಾಲಿಯರ್ ಗಾಯಕಿ ಕಲಿಸಿದ್ರು. ಆ ಮೊದಲಿನ ಪ್ಲೇಟಿನಾಗಿದ್ದದ್ದು ಆ ಗ್ವಾಲಿಯರ್ ಹುಡುಗ. ಇನ್ನೂ ಜೈಪುರ ಘರಾಣೆಯ ಮಂಜಿಖಾನರು ಸಿಕ್ಕಿರಲಿಲ್ಲ. ಹಿಂಗ ಗಂಗೂಬಾಯಿಯವರ ಹಳೇ ಪ್ಲೇಟು ಕೇಳಿದ್ರೂ ಬೆರಗ ಆಗತದ. ಎಳೀ ಹುಡುಗಿಯ ಸಣ್ಣ ದನಿ. ಟಾನ್ಸಿಲ್ ಶಸ್ತ್ರಚಿಕಿತ್ಸೆ ಆದ ಮ್ಯಾಲೆ ಆ ಗಂಡುದನಿ ಬಂದದ್ದು. ಮುಂದ ಆ ದನಿಯಾಗ ಏನು ಕಟ್ಟತಾರ ಅನ್ನೂದು ಆ ಹುಡುಗಿಗೆ ಗೊತ್ತಿಲ್ಲ, ಕೇಳೂ ನಮಗ ಗೊತ್ತದ.

— ಅಂದರೆ ನಾವು ಹಿಂದುಮುಂದಾಗಿ ಕೇಳ್ತೀವಿ. ಎಪ್ಪತ್ತರ ಮನ್ಸೂರರನ್ನ ಮೊದಲು, ಇಪ್ಪತ್ತರ ಮನ್ಸೂರರನ್ನ ಆಮೇಲೆ. ಅವರ ಕಾಲದವರಿಗೆ ಇದು ಸಾಧ್ಯ ಇರಲಿಲ್ಲ. 1935ರಲ್ಲಿ ಪ್ಲೇಟು ಕೊಂಡವನಿಗೆ ಅದು ಒಳ್ಳೆ ಹಾಡು, ಅಷ್ಟೇ. ನನಗೆ ಆ ಹುಡುಗ ಒಂದು ತಾನಿನ ಕೊನೆಯಲ್ಲಿ ತುಸು ಓರೆಯಾಗಿ ಸಮ್ಮಿಗೆ ಬಂದರೆ ಅಳು ಬರುತ್ತೆ. ಈ ಓರೆ ಮುಂದೆ ಎಲ್ಲಿಗೆ ಮುಟ್ಟುತ್ತೆ ಅಂತ ನನಗೆ ಗೊತ್ತು, ಅವನಿಗಿನ್ನೂ ಗೊತ್ತಿಲ್ಲ. ತಡವಾಗಿ ಬಂದದ್ದಕ್ಕೆ ಇದೊಂದು ಸಿಕ್ಕಿತು ಅನ್ನಿಸುತ್ತೆ ಕಾಕಾ.

— ಇದು ನಾ ಯೋಚನಾ ಮಾಡಿರಲಿಲ್ಲ. ಆದ್ರ ಕೇಳು. ಅದರೊಳಗ ಇನ್ನೊಂದು ಕೋಲಿ ಅದ. ಮಂಜಿಖಾನರ ಸುದ್ದಿ ಹೇಳಿದ್ನೆಲ್ಲ. ಆ ಘರಾಣೆ ಕಟ್ಟಿದ ಅಲ್ಲಾದಿಯಾ ಖಾನರ ಮಗಾ. ಮನ್ಸೂರರಿಗೆ ಅವರು ಕಲಿಸಿದ್ದು ಒಂದೂವರೆ ವರ್ಷ. 1937ರಾಗ ತೀರಿಕೊಂಡ್ರು. ಮುಂದ ಅವರ ತಮ್ಮ ಭುರ್ಜಿಖಾನರು ಕಲಿಸಿದ್ರು. ಈಗ ಅಲ್ಲಾದಿಯಾ ಖಾನರ ದನಿ ಹ್ಯಾಂಗಿತ್ತು ಅಂತ ಕೇಳಬೇಕಂದ್ರ ಏನು ಮಾಡತಿ?

— ಅವರ ಪ್ಲೇಟು ಹುಡುಕ್ತೀನಿ.

— ಇಲ್ಲ. ಒಂದೂ ಇಲ್ಲ. ಭಾರತದಾಗ ಪ್ಲೇಟಿನ ಮುದ್ರಣ ಶುರು ಆದದ್ದು 1902ರಾಗ, ಕೋಲ್ಕತಾದಾಗ. ಅಲ್ಲಾದಿಯಾ ಖಾನರು ಇದ್ದದ್ದು 1946ರ ತನಕಾ. ನಲವತ್ನಾಲ್ಕು ವರ್ಷ ಆ ಕಹಳಿ ಅವರ ಮುಂದ ಇತ್ತು, ಅವರು ಅದರಾಗ ಹಾಡಲಿಲ್ಲ. ಮಂಜಿಖಾನರದೂ ಇಲ್ಲ. ಭಾಸ್ಕರಬುವಾ ಬಖಲೆ ಅಂತ ಇದ್ರು, ಧಾರವಾಡದಾಗೂ ಕೆಲವು ವರ್ಷ ಇದ್ದು ಕಲಿಸಿದವರು, 1922ರಾಗ ತೀರಿಕೊಂಡ್ರು. ಅವರದೂ ಪ್ಲೇಟಿಲ್ಲ. ಎಷ್ಟ ತಡಾ ಮಾಡಿ ಬಂದ್ರೂ, ಎಷ್ಟ ಹುಡಕಿದ್ರೂ ಸಿಗಲಾರದ್ದು ಹಿಂಗ ಅದ. ಆದ್ರ ಮನ್ಸೂರರು ಒಂದೂವರೆ ವರ್ಷ ಎದುರಿಗೆ ಕೂತು ಕೇಳಿದ್ದನ್ನ ಐವತ್ತೈದು ವರ್ಷ ಹಾಡಿದ್ರು. 1985ರ ಟೇಪಿನಾಗ ನೀ ಅವರನ್ನ ಕೇಳತಿ ಅಂದ್ರ, 1936ರ ಮುಂಬೈದ ಒಂದು ಕೋಣಿ ಒಳಗಿನ ಪಾಠಾನೂ ಕೇಳತಿ. ಅವರು ಹಾಡೂ ಮುಂದ ಒಮ್ಮೊಮ್ಮೆ ಕಣ್ಣು ಮುಚ್ಚಿ ಒಂದ ತುಣುಕು ಎರಡು ಸಲ ಅಂತಾರಲ್ಲ, ಅವಾಗ ಗುರುಗಳ ದನಿ ಕೇಳಿ ತಾವು ಹೇಳತಿರಬೇಕು ಅಂತ ನನಗ ಅನಸ್ತದ. ನಾವಷ್ಟ ತಡಾ ಮಾಡಿ ಕೇಳವರಲ್ಲ. ಅವರೂ ಹಳೇದನ್ನ ಕೇಳಕೋತನ ಇದ್ರು.

— ಹಾಗಂದರೆ ಅವರನ್ನ ಬರೀ ಕೊಳವೆ ಮಾಡಿದ ಹಾಗಾಗಲ್ವಾ? ಅಲ್ಲಿಂದ ಬಂದದ್ದು ಇಲ್ಲಿ ಹರಿಯಿತು ಅಂತ. ನಾನು ನೆಲಕ್ಕೆ ಕೂತದ್ದು ಮಂಜಿಖಾನರಿಗಲ್ಲ, ಇವರಿಗೆ. ಕೇಸರಬಾಯಿ ಕೇರ್ಕರ್, ಮೋಗೂಬಾಯಿ ಕುರ್ಡೀಕರ್ ಅವರದೂ ಕೇಳಿದೆ. ಅವರೂ ಅಲ್ಲಾದಿಯಾ ಖಾನರ ಶಿಷ್ಯರೇ. ಒಬ್ಬರ ಹಾಗೆ ಒಬ್ಬರಿಲ್ಲ. ಮನ್ಸೂರರ ಅವಸರ ಮನ್ಸೂರರದೇ. ಹೇಳೋದು ತುಂಬ ಇದೆ, ಹೊತ್ತು ಮುಳುಗ್ತಾ ಇದೆ ಅನ್ನೋ ಹಾಗೆ ಹಾಡ್ತಾರೆ.

— ಹೌದು, ಅದು ಖರೆ. ನಾ ಹೇಳಿದ್ದು ತಪ್ಪು. ಕೊಳವಿ ಅಲ್ಲ ಅವರು. ಮನ್ಸೂರಿನ ರೈತನ ಮಗಾ, ಆ ಮಣ್ಣಿನ ಗಡಸು ಆ ದನ್ಯಾಗದ. ನೀ ಆ ಮುದುಕರ ಅವಸರ ಅಂದಿ ನೋಡು, ಅದಕ್ಕೂ ಕಾರಣ ಅದ. ಅವರ ಕಡೆ ದೇಶ ಕಣ್ಣು ತೆರದದ್ದ ತಡಾ. ಪದ್ಮಶ್ರೀ ಬಂದದ್ದು 1970ರಾಗ, ಅರವತ್ತರ ಹೊಸ್ತಿಲಕ್ಕ. ಪದ್ಮಭೂಷಣ 1976. ಪದ್ಮವಿಭೂಷಣ 1992, ಹೋಗೂ ವರ್ಷ. ನಾವು ಇವತ್ತ ಕೇಳೂ ದೊಡ್ಡ ದೊಡ್ಡ ಧ್ವನಿಮುದ್ರಣ ಬಹಳಷ್ಟು ಅರವತ್ತು ದಾಟಿದ ಮ್ಯಾಲಿನವ. ನಲವತ್ತರ, ಐವತ್ತರ ಮನ್ಸೂರರು ಹ್ಯಾಂಗ ಹಾಡತಿದ್ರು ಅನ್ನೂದು ಕೂತು ಕೇಳಿದವರ ಹೊಟ್ಟ್ಯಾಗ ಉಳೀತು.

— ಅದನ್ನ ಕೇಳಿ ನನಗೆ ಸ್ವಲ್ಪ ಸಮಾಧಾನ ಆಗುತ್ತೆ. ದೇಶವೇ ತಡವಾಗಿ ಬಂತಲ್ಲ.

— ನನಗ ಆಗೂದಿಲ್ಲ. ಅವರು ದೂರ ಇದ್ದು ಕೇಳಲಿಲ್ಲ, ನಾ ಓಣ್ಯಾಗಿದ್ದು ಕೇಳಲಿಲ್ಲ. ಅವರು ‘ನನ್ನ ರಸಯಾತ್ರೆ’ ಅಂತ ಆತ್ಮಕಥೆ ಬರದಾರ. ಅದನ್ನ ಓದೂ ಮುಂದ ಪ್ರತಿ ಪುಟಕ್ಕೂ ನಮ್ಮ ಊರ ಹೆಸರು ಬಂದ್ರ ಎದಿ ಚುರ್ ಅಂತಿತ್ತು. ಹೋಗಲಿ ಬಿಡು. ಆ ಮಾತು ಇನ್ನ ಬ್ಯಾಡ. ನಿನ್ನ ಫೋನಿನಾಗ ಹ್ಯಾಂಗ ಕೇಳಸ್ತದ, ನನಗೂ ಒಂದೀಟು ಕೇಳಸು.

— ಇದನ್ನ ಕಿವಿಗೆ ಹಾಕಿಕೊಳ್ಳಿ. ಎರಡೂ ಕಿವಿಗೆ. ಹಾಂ… ಈಗ ಕಣ್ಣು ಮುಚ್ಚಿ. ಇದು ನಟ್ ಬಿಹಾಗ್.

— …

— ಕಾಕಾ?

— ತಡಿ. ತಡಿ… ಇದರಾಗ ಇಬ್ಬರಿದ್ದಾರ!

— ಹೌದು. ಹಿಂದೆ ಕೂತು ಮಗ ರಾಜಶೇಖರ ಮನ್ಸೂರರು ದನಿ ಕೊಡ್ತಿದ್ದಾರೆ.

— ಅಪ್ಪ ಬಿಟ್ಟಲ್ಲೆ ಮಗಾ ಹಿಡೀತಾನ. ಕೂದಲೆಳೆ ಹಿಂದ. ಇದ ಧ್ವನಿಮುದ್ರಣ ನನ್ನ ಕ್ಯಾಸೆಟ್ಟಿನಾಗ ಅದ, ನೂರು ಸಲ ಕೇಳೀನಿ, ಮಗಾ ಜೊತೀಗೆ ಹಾಡತಿದ್ರು ಅಂತ ಗೊತ್ತಿದ್ರೂ ಇಷ್ಟ ಬಿಡಿಬಿಡಿಯಾಗಿ ಕಿವಿಗೆ ಬಿದ್ದಿರಲಿಲ್ಲ. ನನ್ನ ರೇಡಿಯೋದಾಗ ಎಲ್ಲಾ ಒಂದ ಹರಿವು. ಮತ್ತ ಉಸಿರು ತಗೊಳೂದು ಕೇಳಸ್ತದಲ್ಲ… ತಾನಿಗೆ ಮೊದಲು ಸಣ್ಣಗೆ. ಎಂಬತ್ತರ ಹತ್ರದ ಎದಿ ಅದು.

— ನಾನು ಆ ಉಸಿರಿಗೋಸ್ಕರ ಕಾಯ್ತೀನಿ. ಉಸಿರು ಕೇಳಿದರೆ ಅವರು ಮುಂದೆ ಎಷ್ಟು ದೂರ ಹೋಗ್ತಾರೆ ಅಂತ ಗೊತ್ತಾಗುತ್ತೆ. ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂತವರಿಗೂ ಇದು ಇಷ್ಟು ಹತ್ತಿರ ಕೇಳಿರಲಾರದು.

— ಕೇಳಿರಲಿಕ್ಕಿಲ್ಲ. ಆದ್ರ ಅವರಿಗೆ ಮಾರಿ ಕಾಣತಿತ್ತು. ಸಮ್ ಬಂದಾಗ ಮಂದಿ ಒಂದ ಉಸಿರಿನ್ಯಾಗ ‘ಹಾ’ ಅಂತಾರಲ್ಲ, ಅದರ ನಡುವ ಕೂತಿದ್ರು. ನನ್ನ ಗೆಳೆಯಾ ಹೇಳತಿದ್ದ, ಅವರು ಚೀಜು ಮುಗಿಸಿ ಸುಮ್ಮನಾದ ಮ್ಯಾಲೆ ಎಷ್ಟೋ ಹೊತ್ತು ಯಾರೂ ಚಪ್ಪಾಳಿ ಹೊಡೀತಿರಲಿಲ್ಲಂತ. ಟೇಪು ಅದನ್ನ ಕತ್ತರಸ್ತದ. ಇನ್ನೊಂದು ನೋಡು, ಈ ಹೊಸ ನಕಲು ಮಾಡವರು ಹಳೇ ಪ್ಲೇಟಿನ ಕರಕರ ಸಪ್ಪಳ ತೆಗೀತೀವಿ ಅಂತ ತೊಳೀತಾರ, ತೊಳದು ತೊಳದು ತಂಬೂರಿನೂ ಹೋಗತದ. ತಂಬೂರಿ ಇಲ್ಲದ ದನಿ ನೀರಿನಿಂದ ತೆಗದ ಮೀನದಂಗ. ಕರಕರ ಇರಲಿ ಬಿಡ್ರಿ ಅಂತೀನಿ ನಾನು. ಮತ್ತ ಚಾವಿಯ 78 ಸುತ್ತು ಹೆಚ್ಚುಕಡಿಮಿ ಆದ್ರ ಶ್ರುತಿನ ಏರಿಳೀತದ. ಯಾವ ಶ್ರುತಿಗೆ ಹಾಡಿದ್ರು ಅನ್ನೂದ ಸುಳ್ಳಾಗತದ. ಹಳೇದನ್ನ ಕೇಳೂದಂದ್ರ ಇಷ್ಟೂ ಕಿವ್ಯಾಗ ಇಟಗೊಂಡು ಕೇಳಬೇಕು.

— ನಾನು ಗಮನಿಸಿದ್ದು ಬೇರೆ. ಎಷ್ಟು ಧ್ವನಿಮುದ್ರಣ ಕೇಳಿದೆ, ಕ್ಯಾಸೆಟ್ಟು, ಎಲ್‌ಪಿ, ಆಕಾಶವಾಣಿಯದು. ಒಂದರಲ್ಲೂ ತಂಬೂರಿ ಶ್ರುತಿ ಮಾಡೋದು ಇಲ್ಲ. ಶುರುವಾಗೋ ಹೊತ್ತಿಗೆ ಎಲ್ಲ ಕೂಡಿಯೇ ಇರುತ್ತೆ. ಆ ಹದಿನೈದು ನಿಮಿಷ ಯಾರೂ ಉಳಿಸಿಲ್ಲ.

— …

— ಕಾಕಾ, ಆ ಹದಿನೈದು ನಿಮಿಷ ನೀವು ಕೇಳಿದ್ದೀರಿ.

— ಹೌದಲ್ಲ. ಮೂವತ್ತು ವರ್ಷದ ಮ್ಯಾಲಾತು, ಅದನ್ನ ನೆನಸ್ಕೊಂಡು ನಾಚಿದ್ದ ಬಂತು. ಹಿಂಗ ಯಾರೂ ಹೇಳಿರಲಿಲ್ಲ ನನಗ.

— ಏನು ನೆನಪಿದೆ? ಇದ್ದಷ್ಟು ಹೇಳಿ.

— ತಲಿ ಬಗ್ಗಿಸಿ ಕೂತಿದ್ರು. ತಂಬೂರಿಯವನ ಕಡೆ ನೋಡತಿರಲಿಲ್ಲ, ಕಿವಿ ಅಷ್ಟ ಆ ಕಡೆ. ಪಂಚಮದ ತಂತಿ ಸರಿ ಇರಲಿಲ್ಲ. ಬೆರಳ ಎತ್ತಿ ಮ್ಯಾಲೆ ಅಂದ್ರು, ಇನ್ನ ಒಂದೀಟು ಅಂದ್ರು, ಆಮ್ಯಾಲೆ ಬೆರಳ ಕೆಳಗ ಇಳಿಸಿದ್ರು. ನಡುವಿನ ಎರಡು ಷಡ್ಜ ಕೂಡಿದ್ವು. ಖರ್ಜದ ತಂತಿ ಕಡೀಕ. ಅದು ಕೂಡಿದಾಗ ಹೊಟ್ಟ್ಯಾಗ ಗುಂ ಅಂತು. ಅಷ್ಟರಾಗ ನಾ ಬಾಗಲದಾಗಿದ್ದೆ. ಅವರು ಒಂದು ಸಲ ‘ಸಾ’ ಅಂದ್ರೋ ಏನೋ. ಅಂದಿರಬೇಕು. ನೆನಪಿಲ್ಲ ಅಂದ್ರ ಸುಳ್ಳಾಗತದ, ನೆನಪದ ಅಂದ್ರೂ ಸುಳ್ಳಾಗತದ.

— ಇವತ್ತು ರಾತ್ರಿ ಈ ಕ್ಯಾಸೆಟ್ಟುಗಳನ್ನ ನಕಲು ಮಾಡ್ಕೊಳ್ಳೋಣ ಅಂತ ಲ್ಯಾಪ್‌ಟಾಪ್ ತಂದಿದ್ದೀನಿ. ಆಕಾಶವಾಣಿಯಿಂದ ನೀವು ಹಿಡಿದದ್ದು ಬೇರೆಲ್ಲೂ ಇಲ್ಲದಿರಬಹುದು. ಟೇಪಿಗೆ ಬೂಸಲು ಬರೋ ಮೊದಲು ಮುಗಿಸಬೇಕು.

— ಮಾಡೂಣು, ಖಂಡಿತ ಮಾಡೂಣು. ಆದ್ರ ನಾಳೆ. ಇವತ್ತ ಸಂಜೀಕ ಮಲ್ಲಿಕಾರ್ಜುನ ಮನ್ಸೂರ ಕಲಾಭವನದಾಗ ಒಬ್ಬ ಹುಡುಗಿದು ಹಾಡಿಕಿ ಅದ. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ಹೆಸರು ಯಾರಿಗೂ ಗೊತ್ತಿಲ್ಲ. ಕಳದ ವರ್ಷ ಒಮ್ಮೆ ಕೇಳೀನಿ. ಸಭಾದಾಗ ನಲವತ್ತು ಮಂದಿ ಇದ್ದಿಲ್ಲ.

— ಚೆನ್ನಾಗಿ ಹಾಡ್ತಾಳಾ?

— ತಾನು ಇನ್ನೂ ಹಸಿ. ಆದ್ರ ಸಮ್ಮಿಗೆ ಬರೂ ಮುಂದ ಒಂದೀಟು ಓರಿಯಾಗಿ ಬರತಾಳ.

— ಎಷ್ಟು ಗಂಟೆಗೆ?

— ಆರಕ್ಕ ಅಂತ ಹಾಕ್ಯಾರ. ನಾವು ಐದೂವರೆಗೆ ಅಲ್ಲಿರಬೇಕು. ಮುಂದಿನ ಸಾಲಿನ್ಯಾಗ ಕೂಡೂಣು. ತಂಬೂರಿ ಹೊರಗ ತೆಗಿಯೂದರಿಂದ ಹಿಡದು ಕೇಳಬೇಕು ನನಗ. ನಡಿ, ಮಾರಿ ತೊಳಕೊ. ಛತ್ರಿ ತಗೋ, ಮಳಿ ಹಿಡಿಯೂ ಹಂಗ ಅದ.